ಜೂನ್ ಒಂದರಂದು ಹುಟ್ಟಿದವರು



ಐವತ್ತೈದು ದಾಟಿದ ಕನ್ನಡಿಗರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ದಿನ ಎರಡು. ಒಂದು ತಾಯಿಯ ಬಾಯಲ್ಲಿ ಉಳಿದದ್ದು: ಶ್ರಾವಣದ ಮೊದಲ ಶುಕ್ರವಾರ, ಉತ್ತರಾ ನಕ್ಷತ್ರ, ದೀಪ ಹಚ್ಚುವ ಹೊತ್ತು. ಇನ್ನೊಂದು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಉಳಿದದ್ದು: ಜೂನ್ 1. ಮೊದಲನೆಯ ದಿನಕ್ಕೆ ಎಣ್ಣೆಸ್ನಾನ, ಆರತಿ, ಪಾಯಸ. ಎರಡನೆಯ ದಿನಕ್ಕೆ ಬ್ಯಾಂಕಿನವರು ಫೋನಿಗೆ ಕಳಿಸುವ ಶುಭಾಶಯ. ಇದನ್ನು ನಾವು ನಗುತ್ತಲೇ ಹೇಳಿಕೊಳ್ಳುತ್ತೇವೆ. ಆ ನಗುವಿನ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಇಂದಿನ ಉಪನ್ಯಾಸದ ಉದ್ದೇಶ.

ದೇಹ ಮಾಗುವುದು, ಬಾಗುವುದು ಪ್ರಕೃತಿಯ ಕೆಲಸ. ಅದನ್ನು ಎಣಿಸುವುದು ಸಮಾಜದ ಕೆಲಸ. ಯಾರು ಎಣಿಸಿದರು, ಯಾತಕ್ಕಾಗಿ ಎಣಿಸಿದರು, ಯಾರನ್ನು ಎಣಿಸದೆ ಬಿಟ್ಟರು ಎಂದು ಕೇಳುತ್ತ ಹೋದರೆ ಹುಟ್ಟುಹಬ್ಬವೂ ಮುಪ್ಪೂ ನಾವು ತಿಳಿದಷ್ಟು ಖಾಸಗಿ ಸಂಗತಿಗಳಾಗಿ ಉಳಿಯುವುದಿಲ್ಲ.

ಹಳೆಯ ಎಣಿಕೆಯಿಂದಲೇ ಆರಂಭಿಸೋಣ. ಪಂಪ ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ತನ್ನ ಕಾವ್ಯದಲ್ಲಿ ಸೂಚಿಸಿದ್ದಾನೆ. ರನ್ನ ತನ್ನದು ಸೌಮ್ಯ ಸಂವತ್ಸರ ಎನ್ನುತ್ತಾನೆ. ವಿದ್ವಾಂಸರು ಇವನ್ನು ಕ್ರಿ.ಶ. 902, 949 ಎಂದು ನಿರ್ಧರಿಸಿದ್ದಾರೆ. ಆದರೆ ಸಂವತ್ಸರದ ಹೆಸರೊಂದರಿಂದಲೇ ಆ ನಿರ್ಧಾರಕ್ಕೆ ಬರಲು ಸಾಧ್ಯವಿರಲಿಲ್ಲ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ದುಂದುಭಿ 842ರಲ್ಲೂ ಇತ್ತು, 962ರಲ್ಲೂ ಇತ್ತು. ಕವಿಗಳ ಕೃತಿಗಳಲ್ಲಿ ಶಕವರ್ಷ ಸಿಕ್ಕಿದ್ದರಿಂದ ಅನುಮಾನ ಪರಿಹಾರವಾಯಿತು. ಇಲ್ಲಿ ಗಮನಿಸಬೇಕಾದದ್ದು, ಪಂಪನಿಗೆ ಆ ಅನುಮಾನವೇ ಇರಲಿಲ್ಲ ಎನ್ನುವುದು. ಅವನನ್ನು ಕಂಡವರಿಗೆ ಯಾವ ದುಂದುಭಿ ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಮನುಷ್ಯನ ಒಂದು ಆಯುಸ್ಸಿನೊಳಗೆ ಒಂದು ಸಂವತ್ಸರ ಸಾಮಾನ್ಯವಾಗಿ ಒಮ್ಮೆ ಮಾತ್ರ ಬರುತ್ತದೆ, ಪುಣ್ಯವಿದ್ದವರಿಗೆ ಎರಡು ಸಲ. ಆ ಎಣಿಕೆ ಒಬ್ಬ ಮನುಷ್ಯನ ಬಾಳಿಗೆ ಸಾಕಾಗುವಷ್ಟು ದೊಡ್ಡದು. ಚರಿತ್ರಕಾರನಿಗೆ ಅದು ಸಾಲದು.

ಅರವತ್ತು ಎಂಬ ಸಂಖ್ಯೆಗೆ ಆಕಾಶದ ಆಧಾರವಿದೆ. ಗುರುಗ್ರಹ ರಾಶಿಚಕ್ರವನ್ನು ಒಮ್ಮೆ ಸುತ್ತಲು ಸುಮಾರು 12 ವರ್ಷ ಬೇಕು, ಶನಿಗೆ ಸುಮಾರು 30 ವರ್ಷ. ಎರಡೂ ಒಟ್ಟಾಗಿ ಹೊರಟ ಜಾಗಕ್ಕೆ ಮರಳಲು ಸುಮಾರು 60. ಷಷ್ಟ್ಯಬ್ದಿ ಶಾಂತಿಯ ಹಿಂದಿರುವುದು ಇದೇ ಲೆಕ್ಕ: ಹುಟ್ಟಿದ ಸಂವತ್ಸರ ತಿರುಗಿ ಬಂತು, ಒಂದು ಸುತ್ತು ಮುಗಿಯಿತು. ಎಪ್ಪತ್ತರ ಭೀಮರಥ ಶಾಂತಿಯ ನಂತರ ಬರುವ ಸಹಸ್ರ ಚಂದ್ರದರ್ಶನದ ಲೆಕ್ಕ ಇನ್ನೂ ಸೊಗಸು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಸಾವಿರ ಹುಣ್ಣಿಮೆಗೆ 29,530 ದಿನ, ಎಂದರೆ 80 ವರ್ಷ 10 ತಿಂಗಳು. ಅಜ್ಜ ಎಂಬತ್ತೊಂದರ ಹೊಸ್ತಿಲಲ್ಲಿ ಸಾವಿರ ಚಂದ್ರನನ್ನು ಕಂಡವನಾಗುತ್ತಾನೆ ಎಂಬುದು ಕವಿಯ ಮಾತಿನಂತೆ ಕೇಳಿದರೂ ಗಣಿತವಾಗಿ ಸರಿಯಾಗಿಯೇ ಇದೆ.

ತಿಥಿಯ ಹುಟ್ಟುಹಬ್ಬವೂ ತಾರೀಖಿನ ಹುಟ್ಟುಹಬ್ಬವೂ ಯಾಕೆ ಪ್ರತಿವರ್ಷ ದೂರ ದೂರ ಬೀಳುತ್ತವೆ ಎಂದು ಮಕ್ಕಳು ಕೇಳುವುದುಂಟು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅಧಿಕಮಾಸ ಬಂದು ಆ ಕೊರತೆಯನ್ನು ತುಂಬುತ್ತದೆ. 19 ವರ್ಷಕ್ಕೆ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಯಾಗಿ ಕೂರುವುದರಿಂದ 19, 38, 57, 76ನೆಯ ವಯಸ್ಸಿನಲ್ಲಿ ತಿಥಿ ಮತ್ತು ತಾರೀಖು ಒಂದೇ ದಿನ ಅಥವಾ ಒಂದು ದಿನದ ಅಂತರದಲ್ಲಿ ಬರುತ್ತವೆ. ಹಿಜರಿ ಪಂಚಾಂಗದಲ್ಲಿ ಅಧಿಕಮಾಸವೇ ಇಲ್ಲ. ಹೀಗಾಗಿ ನಮ್ಮ ಅರವತ್ತರ ಮುಸ್ಲಿಂ ಗೆಳೆಯರು ಅವರದೇ ಲೆಕ್ಕದಲ್ಲಿ ಅರವತ್ತೆರಡರ ಹತ್ತಿರ ಇರುತ್ತಾರೆ. ಒಬ್ಬನೇ ಮನುಷ್ಯನಿಗೆ ಎರಡು ವಯಸ್ಸು ಇರಬಹುದು, ಎರಡೂ ನಿಜವಿರಬಹುದು.

ನಮ್ಮ ರಾಜ್ಯದ ರಜಾಪಟ್ಟಿಯನ್ನೇ ನೋಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ, ವಾಲ್ಮೀಕಿ ಜಯಂತಿ ಆಶ್ವಯುಜದ ಹುಣ್ಣಿಮೆಗೆ. ಗಾಂಧಿ ಜಯಂತಿ ಅಕ್ಟೋಬರ್ 2ಕ್ಕೆ, ಅಂಬೇಡ್ಕರ್ ಜಯಂತಿ ಏಪ್ರಿಲ್ 14ಕ್ಕೆ. ಸಂತರಿಗೆ ತಿಥಿ, ಆಧುನಿಕರಿಗೆ ತಾರೀಖು. ಇಂಥ ನಿಯಮವನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಅದು ನಡೆದುಕೊಂಡು ಬಂದಿದೆ.

ಇಷ್ಟರವರೆಗೆ ಹೇಳಿದ್ದು ಜಾತಕ ಬರೆಸಿಟ್ಟವರ ಕಥೆ. ಪಂಚಾಂಗದ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಅನೇಕರು ಒಂದು ಸುಖದ ತಪ್ಪು ಮಾಡುತ್ತಾರೆ: ಹಿಂದೆ ಎಲ್ಲರ ಹುಟ್ಟೂ ನಕ್ಷತ್ರ, ಪಾದ, ಲಗ್ನಗಳೊಡನೆ ದಾಖಲಾಗುತ್ತಿತ್ತು ಎಂಬ ಭಾವನೆ. ಜೋಯಿಸರು ಎಲ್ಲರ ಮನೆಗೂ ಹೋಗುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಹೆತ್ತು ಸಂಜೆ ಮನೆಗೆ ನಡೆದ ತಾಯಿಯ ಮಗುವಿಗೆ ಯಾರೂ ಗಳಿಗೆ ಬಟ್ಟಲು ಹಿಡಿದು ಕೂರಲಿಲ್ಲ. ತುಳುನಾಡಿನ ದಲಿತ ಸಮುದಾಯಗಳಲ್ಲಿ ಹುಟ್ಟಿದ ವಾರವನ್ನೇ ಹೆಸರಾಗಿ ಇಡುವ ರೂಢಿಯಿತ್ತು: ಐತ, ಸೋಮ, ಅಂಗಾರ, ಗುರುವ, ತುಕ್ರ, ತನಿಯ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂದಾಗ ಓದುಗರು ಚೋಮನ ಮಕ್ಕಳಾದ ಚನಿಯ, ಗುರುವರ ಹೆಸರಿನಲ್ಲಿ ಕೇಳಿದ್ದೂ ಇಂಥ ವಾರಗಳನ್ನೇ. ಅವರಿಗೆ ವಾರ ಗೊತ್ತು, ವರ್ಷ ಗೊತ್ತಿಲ್ಲ. ಜೀತಕ್ಕೆ ನಿಲ್ಲಿಸುವವನಿಗೆ ವರ್ಷ ಬೇಕಾಗಿರಲಿಲ್ಲ, ತೋಳು ನೋಡಿದರೆ ಸಾಕಾಗಿತ್ತು.

ವರ್ಷ ಗೊತ್ತಿಲ್ಲದವರು ಆಪತ್ತುಗಳಿಂದ ವಯಸ್ಸನ್ನು ಎಣಿಸಿದರು. ಮೈಸೂರು ಸೀಮೆಯಲ್ಲಿ ಅತಿ ದೊಡ್ಡ ಗುರುತಿನ ಕಲ್ಲು 1876ರ ಧಾತು ಸಂವತ್ಸರದಲ್ಲಿ ಹಿಡಿದ ಬರ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಒಳಗೆ ಇಳಿದಿತ್ತು. ಆಮೇಲೆ 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ, 1924ರ ಕಾವೇರಿ ಪ್ರವಾಹ. ‘ಪ್ಲೇಗಿನ ವರ್ಷ ತೊಟ್ಟಿಲಲ್ಲಿದ್ದೆ’, ‘ದೊಡ್ಡ ನೆರೆ ಬಂದಾಗ ಮೈನೆರೆದಿದ್ದೆ’ ಎನ್ನುವುದು ಅಜ್ಜಿಯರ ಜನನ ಪ್ರಮಾಣಪತ್ರ. ಈ ಎಣಿಕೆಯಲ್ಲಿ ಒಂದು ವಿಶೇಷವುಂಟು: ಯಾರ ವಯಸ್ಸೂ ಒಂಟಿಯಾಗಿ ಇರುವುದಿಲ್ಲ. ನನ್ನ ವಯಸ್ಸು ಊರಿನ ದುಃಖದ ಜೊತೆ ಗಂಟು ಬಿದ್ದಿರುತ್ತದೆ. ಗಣತಿಯ ಅಧಿಕಾರಿಗಳೂ ಇದನ್ನು ಬಲ್ಲರು. ವಯಸ್ಸು ತಿಳಿಯದವರಿಗೆ ನೆನಪಿಸಲು ಸ್ಥಳೀಯ ಘಟನೆಗಳ ಪಟ್ಟಿಯನ್ನು ಗಣತಿದಾರರ ಕೈಗೆ ಕೊಡುವ ಪದ್ಧತಿ ಬೆಳೆದದ್ದು ಹೀಗೆ. ಅಷ್ಟಾದರೂ ಭಾರತದ ಗಣತಿಗಳಲ್ಲಿ 0 ಮತ್ತು 5ರಲ್ಲಿ ಕೊನೆಗೊಳ್ಳುವ ವಯಸ್ಸುಗಳಲ್ಲೇ ಜನ ಗುಂಪುಗೂಡುತ್ತಾರೆ. ಐವತ್ತು, ಐವತ್ತೈದು, ಅರವತ್ತು ಎಂದು ಹೇಳಿದವರು ಹೇರಳ. ಐವತ್ತಮೂರು ಎಂದವರು ವಿರಳ.

ಈ ಜಗತ್ತಿಗೆ ತಾರೀಖನ್ನು ತಂದವರು ಬಹುಮಟ್ಟಿಗೆ ಶಾಲಾಮಾಸ್ತರರು. (ಕರಾವಳಿಯ ಇಗರ್ಜಿಗಳ ದೀಕ್ಷಾಸ್ನಾನದ ದಾಖಲೆಗಳು ಒಂದು ದೊಡ್ಡ ಅಪವಾದ. ಆ ವಿಷಯಕ್ಕೆ ಬೇರೆಯೇ ಉಪನ್ಯಾಸ ಬೇಕು.) ಪಟೇಲರ, ಶಾನುಭೋಗರ ಬಳಿ ಜನನ-ಮರಣದ ಪುಸ್ತಕ ಇದ್ದದ್ದು ನಿಜ, ಅದರಲ್ಲಿ ಅನೇಕ ವೇಳೆ ‘ಇಂಥವನಿಗೆ ಗಂಡು ಮಗು’ ಎಂದಿರುತ್ತಿತ್ತೇ ಹೊರತು ಮಗುವಿನ ಹೆಸರಿರುತ್ತಿರಲಿಲ್ಲ. 1886ರ ಜನನ-ಮರಣ ನೋಂದಣಿ ಕಾಯ್ದೆ ಇಷ್ಟವಿದ್ದವರಿಗೆ ಮಾತ್ರ. ನೋಂದಣಿಯನ್ನು ಕಡ್ಡಾಯ ಮಾಡಿದ 1969ರ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ, ಅದೂ ಹಳ್ಳಿ ಹಳ್ಳಿಗೆ ಇಳಿಯಲು ದಶಕಗಳು ಹಿಡಿದವು. ಅಲ್ಲಿಯವರೆಗೆ ಒಬ್ಬ ಮನುಷ್ಯನ ಹೆಸರೂ ವಯಸ್ಸೂ ಒಟ್ಟಿಗೆ ಮೊದಲ ಬಾರಿ ಕಾಗದದ ಮೇಲೆ ಬೀಳುತ್ತಿದ್ದದ್ದು ಒಂದನೆಯ ತರಗತಿಗೆ ಸೇರಿದ ದಿನ.

ಮಾಸ್ತರರು ಏನು ಮಾಡಬೇಕಿತ್ತು? ಎದುರಿಗೆ ಒಂದು ಮಗು. ಜೊತೆಗೆ ಅಪ್ಪ, ಇಲ್ಲವೇ ದೊಡ್ಡಪ್ಪ. ಹುಟ್ಟಿದ್ದು ಯಾವಾಗ ಎಂದರೆ ‘ರಾಗಿ ಕೊಯ್ಲಿನ ಹೊತ್ತಿಗೆ’ ಎಂಬ ಉತ್ತರ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುವರು. ಮುಟ್ಟಿದರೆ ವಯಸ್ಸು ಆಗಿದೆ ಎಂದರ್ಥ. ಈ ಪರೀಕ್ಷೆಯನ್ನು ನಾವು ಹಾಸ್ಯಕ್ಕೆ ಬಳಸಿಕೊಂಡಿದ್ದೇವೆ, ಆದರೆ ಅದು ಮೂರ್ಖತನವಲ್ಲ: ಎಳೆಯ ಮಗುವಿನ ತಲೆ ದೇಹದ ಅಳತೆಗೆ ದೊಡ್ಡದು, ತೋಳು ಗಿಡ್ಡ, ಆರರ ಸುಮಾರಿಗೆ ತೋಳು ತಲೆಯನ್ನು ದಾಟಿ ಕಿವಿಗೆ ಎಟಕುತ್ತದೆ. ಆಮೇಲೆ ಮಾಸ್ತರರು ಶಾಲೆ ಆರಂಭವಾಗುವ ಜೂನ್ ತಿಂಗಳಿನಿಂದ ಹಿಂದಕ್ಕೆ ಎಣಿಸಿ, ನಿಯಮಕ್ಕೆ ತಕ್ಕಷ್ಟು ವರ್ಷ ಕಳೆದು, ಜೂನ್ 1 ಎಂದು ಬರೆಯುತ್ತಿದ್ದರು. ಒಂದೇ ಊರಿನ, ಒಂದೇ ತರಗತಿಯ ಅರ್ಧದಷ್ಟು ಮಕ್ಕಳು ಒಂದೇ ದಿನ ಹುಟ್ಟಿದವರಾದರು. ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಆ ದಿನಾಂಕಕ್ಕೆ ಮುದ್ರೆ ಒತ್ತಿತು. ನೌಕರಿಗೆ, ಪಾಸ್‌ಪೋರ್ಟಿಗೆ, ಪಿಂಚಣಿಗೆ ಅದೇ ಪ್ರಮಾಣವಾಯಿತು.

ಈ ಮಾಸ್ತರರನ್ನು ಸುಳ್ಳುಗಾರರೆಂದು ಕರೆಯಲು ನಾನು ಸಿದ್ಧನಿಲ್ಲ. ದಾಖಲೆಯೇ ಇಲ್ಲದ ಮಗುವನ್ನು ಅವರು ದಾಖಲೆಯೊಳಕ್ಕೆ ಕರೆದುಕೊಂಡರು. ವಾರದ ಹೆಸರಷ್ಟೇ ಇದ್ದವನಿಗೆ ಒಂದು ವರ್ಷ, ಒಂದು ತಿಂಗಳು, ಒಂದು ದಿನ ಸಿಕ್ಕಿತು. ಜೋಯಿಸರ ಮಗನಿಗೂ ಅವನಿಗೂ ದಾಖಲಾತಿ ಪುಸ್ತಕದಲ್ಲಿ ಒಂದೇ ಅಳತೆಯ ಒಂದೊಂದು ಸಾಲು. ನಕ್ಷತ್ರಕ್ಕೆ ಹೋಲಿಸಿದರೆ ತಾರೀಖು ಒಣಗಿದ್ದು, ರಸವಿಲ್ಲದ್ದು ಎಂದು ದೂರುವವರು ಈ ಸಾಲಿನ ಬೆಲೆಯನ್ನು ಮರೆತಿದ್ದಾರೆ.

ಆ ಸಾಲಿನ ಬೆಲೆ ಎಷ್ಟೆಂಬುದನ್ನು ಕಾನೂನು ತೋರಿಸುತ್ತದೆ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು ತಂದಿತು. ಎಂಟು ತುಂಬದ ಹುಡುಗಿಯ ಮದುವೆ ಮತ್ತು ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದವನು ಮದುವೆಯಾಗುವುದು ಎರಡನ್ನೂ ಅದು ಅಪರಾಧವೆಂದಿತು. ಇಂದು ಓದಿದರೆ ಎಂಟು ಎಂಬ ಸಂಖ್ಯೆಯೇ ಎದೆ ಝಲ್ಲೆನಿಸುತ್ತದೆ. ಅಂದಿನವರಿಗೆ ಅದೂ ಅತಿರೇಕದ ಸುಧಾರಣೆಯಾಗಿ ಕಂಡಿತ್ತು. ಬ್ರಿಟಿಷ್ ಆಳ್ವಿಕೆಯ ಧಾರವಾಡಕ್ಕೂ ಮಂಗಳೂರಿಗೂ ಅನ್ವಯಿಸಿದ 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರ ತಿದ್ದುಪಡಿ ಅದನ್ನು 18 ಮತ್ತು 21ಕ್ಕೆ ಏರಿಸಿತು. 2006ರ ಕೇಂದ್ರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ಸೇರಿಸಿ ಬಾಲ್ಯವಿವಾಹವನ್ನು ಮೂಲದಿಂದಲೇ ಅಸಿಂಧು ಮಾಡಿತು. ಈ ಪ್ರತಿಯೊಂದು ಹೆಜ್ಜೆಯೂ ಹುಡುಗಿಯ ವಯಸ್ಸನ್ನು ಸಾಬೀತು ಮಾಡುವ ಕಾಗದ ಇದ್ದರೆ ಮಾತ್ರ ನೆಲ ಮುಟ್ಟುತ್ತದೆ. ಇಲ್ಲದಿದ್ದರೆ ‘ಅವಳಿಗೆ ಹದಿನೆಂಟಾಗಿದೆ’ ಎಂಬ ಹಿರಿಯರ ಮಾತೇ ಕಾನೂನು.

ಸತ್ತ ಮೇಲೂ ವಯಸ್ಸಿಗೆ ಬೆಲೆಯಿದೆ. ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಕುಟುಂಬಕ್ಕೆ ಪರಿಹಾರ ಲೆಕ್ಕ ಹಾಕಲು ಸುಪ್ರೀಂ ಕೋರ್ಟ್ 2009ರಲ್ಲಿ ಒಂದು ಕೋಷ್ಟಕವನ್ನು ಸ್ಥಿರಗೊಳಿಸಿತು. ಮೃತನ ವಾರ್ಷಿಕ ಆದಾಯದಲ್ಲಿ ಅವಲಂಬಿತರ ಪಾಲನ್ನು ಒಂದು ಗುಣಕದಿಂದ ಗುಣಿಸಬೇಕು. ಇಪ್ಪತ್ತೈದರವನಿಗೆ ಗುಣಕ 18, ಐವತ್ತರವನಿಗೆ 13, ಅರವತ್ತಾರು ಮುಟ್ಟಿದವನಿಗೆ 5. ನ್ಯಾಯಾಲಯ ಮನುಷ್ಯನ ಬೆಲೆ ಕಟ್ಟುತ್ತಿಲ್ಲ, ಕಳೆದುಹೋದ ಗಳಿಕೆಯನ್ನು ಮಾತ್ರ ಲೆಕ್ಕ ಹಾಕುತ್ತಿದೆ, ಇದು ಸರಿ. ಆದರೂ ಮುಪ್ಪನ್ನು ಆಧುನಿಕ ಜಗತ್ತು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುಟ ನನಗೆ ಬೇರೆಡೆ ಸಿಕ್ಕಿಲ್ಲ.

ದಾಖಲೆಯ ವಯಸ್ಸು ತನ್ನ ಬಲವನ್ನೆಲ್ಲ ತೋರಿಸುವುದು ನಿವೃತ್ತಿಯ ದಿನ. ಕರ್ನಾಟಕದ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ವಯಸ್ಸು ತುಂಬುವ ತಿಂಗಳಿನ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖಿನಂದು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. ಹೀಗಾಗಿ ಜೂನ್ ಒಂದರವರಿಗೆಲ್ಲ ಮೇ 31ರಂದು ಹಾರ, ಶಾಲು, ಹಣ್ಣಿನ ಬುಟ್ಟಿ. ಮಾಸ್ತರರು ಕಿವಿ ಮುಟ್ಟಿಸಿ ಬರೆದ ದಿನಾಂಕ ಅರವತ್ತು ವರ್ಷವಾದ ಮೇಲೆ ಫಲ ಕೊಡುವುದು ಹೀಗೆ. ಹುಟ್ಟಿದ್ದು ನಿಜವಾಗಿ ನವೆಂಬರಿನಲ್ಲಿ ಎಂದು ಈಗ ಹೇಳಿದರೆ ಕೇಳುವವರಿಲ್ಲ. ಸರ್ಕಾರಿ ನೌಕರರ ವಯೋನಿರ್ಧಾರಕ್ಕೆಂದೇ ಕರ್ನಾಟಕ 1974ರಲ್ಲಿ ಒಂದು ಕಾಯ್ದೆ ಮಾಡಿದೆ. ದಿನಾಂಕ ದಾಖಲಾದ ಮೂರು ವರ್ಷದೊಳಗೆ ತಿದ್ದುಪಡಿ ಕೋರಬೇಕು, ಆಮೇಲೆ ಇಲ್ಲ. ಸುಪ್ರೀಂ ಕೋರ್ಟಿನ ನಿಲುವೂ ಅದೇ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ತಮ್ಮ ಹುಟ್ಟಿದ ವರ್ಷ 1950 ಅಲ್ಲ, 1951 ಎಂದು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, ಕೊನೆಗೆ ಅರ್ಜಿ ಹಿಂತೆಗೆದುಕೊಂಡರು. ಆಡಳಿತ ನಡೆಯಬೇಕಾದರೆ ಇಂಥ ಕಟ್ಟುನಿಟ್ಟು ಬೇಕೇ ಬೇಕು ಎಂದು ಒಪ್ಪುತ್ತೇನೆ. ಒಂದು ದಿನಾಂಕ ನಿಜವಾಗಿರುವುದರಿಂದ ಉಳಿಯುವುದಿಲ್ಲ, ಉಳಿದುಕೊಂಡದ್ದರಿಂದ ನಿಜವಾಗುತ್ತದೆ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಒಪ್ಪಲಾಗದ್ದು ಬೇರೆ ಇದೆ. ನಿವೃತ್ತಿಯ ವಯಸ್ಸು ಹೊಸಬರಿಗೆ ಜಾಗ ಮಾಡಿಕೊಡುವ ಒಂದು ಏರ್ಪಾಡು. ನಾವು ಅದನ್ನು ದೇಹದ ಬಗ್ಗೆ, ಬುದ್ಧಿಯ ಬಗ್ಗೆ ಕೊಟ್ಟ ತೀರ್ಪೆಂದು ಓದುತ್ತೇವೆ. ಏರ್ಪಾಡು ಎಷ್ಟು ಸಡಿಲವಾದದ್ದು ನೋಡಿ: ಗುಮಾಸ್ತರಿಗೆ 60, ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ 62, ಸುಪ್ರೀಂ ಕೋರ್ಟಿನವರಿಗೆ 65. ಮಂತ್ರಿಗಳಿಗೆ ಮಿತಿಯೇ ಇಲ್ಲ. ರೈತನಿಗೂ ಇಲ್ಲ, ಆದರೆ ಕಾರಣ ಬೇರೆ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು ಹೆಚ್ಚುಕಡಿಮೆ ಹಿಂದಿನ ನಿವೃತ್ತಿಯ ವಯಸ್ಸಾದ ಐವತ್ತೆಂಟರಲ್ಲಿ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದದ್ದು 1934ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಭಾರತರತ್ನ ಬಂದದ್ದು 1955ರಲ್ಲಿ. ಅಂಗುಲ ಅಂಗುಲವನ್ನೂ ಅಳೆದು ಬದುಕಿದ ಆ ಎಂಜಿನಿಯರ್ ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1860, ಕೆಲವದರಲ್ಲಿ 1861.

ಸಾಹಿತ್ಯದಿಂದಲೂ ಇಂಥ ಹೆಸರುಗಳನ್ನು ಎತ್ತಿ ಹೇಳುವುದು ವಾಡಿಕೆ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ ತೊಂಬತ್ತೆರಡು. ಎ. ಎನ್. ಮೂರ್ತಿರಾಯರ ‘ದೇವರು’ 1991ರಲ್ಲಿ ಪ್ರಕಟವಾದಾಗ ಅವರು ತೊಂಬತ್ತು ದಾಟಿದ್ದರು. ದೇವರನ್ನು ಒಪ್ಪದೆಯೇ ನೂರ ಮೂರರವರೆಗೆ ಬಾಳಿದರು. ಜಿ. ವೆಂಕಟಸುಬ್ಬಯ್ಯನವರು 2011ರ ಬೆಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ತೊಂಬತ್ತೇಳರಲ್ಲಿ. ಈ ಹಿರಿಯರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇವರನ್ನು ಮುಪ್ಪಿನ ಮಾದರಿ ಎಂದು ಮುಂದಿಡುವಾಗ ನಾಲಗೆ ತುಸು ತಡೆಯುತ್ತದೆ. ಬರೆಯುವ ಕೆಲಸಕ್ಕೆ ಮೊಣಕಾಲು ಬೇಕಾಗಿಲ್ಲ. ಗದ್ದೆಯಲ್ಲಿ ನಾಟಿ ಹಾಕುವವಳಿಗೆ ಬೇಕು. ಮುಪ್ಪು ಕಾಯಕಕ್ಕೆ ತಕ್ಕಂತೆ ಬರುತ್ತದೆ. ಬೀಡಿ ಕಟ್ಟುವವಳಿಗೆ, ಕಲ್ಲು ಒಡೆಯುವವನಿಗೆ ಐವತ್ತರಲ್ಲೇ ಬಂದುಬಿಟ್ಟಿರುತ್ತದೆ. ಕೆನ್ನೆ, ಹಲ್ಲು, ಬೆನ್ನು ಕೈಕೊಡುವ ಮೊದಲೇ ಎಚ್ಚರಾಗು ಎಂದು ಹೇಳಿದ ಬಸವಣ್ಣನವರ ವಚನ ವರ್ಷವನ್ನು ಎಣಿಸದೆ ದೇಹವನ್ನೇ ನೋಡಿದ್ದು ಸುಮ್ಮನಲ್ಲ.

ಮೇಲಿನ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ ಎಂಬುದನ್ನು ತಾವು ಗಮನಿಸಿರಬಹುದು. ಷಷ್ಟ್ಯಬ್ದಿಯೂ ಹಾಗೆಯೇ. ಗಂಡನಿಗೆ ಅರವತ್ತು ತುಂಬಿದಾಗ ನಡೆಯುವ ಶಾಂತಿಯಲ್ಲಿ ಹೆಂಡತಿ ಮತ್ತೊಮ್ಮೆ ಮದುಮಗಳಾಗಿ ಮಾಂಗಲ್ಯ ಕಟ್ಟಿಸಿಕೊಳ್ಳುತ್ತಾಳೆ. ಅವಳಿಗೇ ಅರವತ್ತು ತುಂಬಿದ ವರ್ಷ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಗಂಡ ಮೊದಲೇ ತೀರಿಕೊಂಡಿದ್ದರೆ ಗುರು-ಶನಿಗಳು ಎಷ್ಟು ಸುತ್ತು ಬಂದರೂ ಅವಳ ಸಂವತ್ಸರಕ್ಕೆ ಶಾಂತಿಯಿಲ್ಲ. ಆಕಾಶದ ಲೆಕ್ಕದಲ್ಲಿ ಗಂಡು-ಹೆಣ್ಣೆಂಬ ಭೇದ ಇರಲಾರದು. ಅದನ್ನು ಸೇರಿಸಿದವರು ನಾವು. ಈಚೆಗೆ ಕೆಲವು ಮನೆಗಳಲ್ಲಿ ಅಮ್ಮನ ಅರವತ್ತನ್ನೂ ಎಪ್ಪತ್ತನ್ನೂ ಮಕ್ಕಳು ಕೇಕು ಕತ್ತರಿಸಿ ಆಚರಿಸುತ್ತಾರೆ. ಮೇಣದ ಬತ್ತಿ ಆರಿಸುವುದು ನಮ್ಮ ಸಂಸ್ಕೃತಿಯಲ್ಲ ಎಂದು ಆಗ ಯಾರಾದರೊಬ್ಬರು ಗೊಣಗುತ್ತಾರೆ. ಹಣತೆ ಹಚ್ಚುವ ಸಂಸ್ಕೃತಿ ಅವಳಿಗಾಗಿ ಒಂದನ್ನೂ ಹಚ್ಚದೆ ಇದ್ದಾಗ ಮಕ್ಕಳು ಬೇಕರಿಗೆ ಹೋದದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಕೊನೆಯದಾಗಿ, ಈ ಚರ್ಚೆ ಇಂದು ತುರ್ತಾಗಿರುವ ಒಂದು ಜಾಗಕ್ಕೆ ಬರುತ್ತೇನೆ. ಜನನ-ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ನೌಕರಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅವರಿಗೆ ಎರಡು ಹುಟ್ಟುಹಬ್ಬಗಳ ತೊಂದರೆ ಇರುವುದಿಲ್ಲ. ತೊಂದರೆ ಇರುವುದು 1970ಕ್ಕೆ ಮುಂಚೆ, ನೋಂದಣಿಯಿಲ್ಲದೆ ಹುಟ್ಟಿ, ಶಾಲೆಯ ಮೆಟ್ಟಿಲನ್ನೂ ಹತ್ತದವರಿಗೆ. ಅವರಲ್ಲಿ ಹೆಚ್ಚಿನವರು ಹೆಂಗಸರು, ಕೂಲಿಕಾರರು. ಮಾಸ್ತರರ ಆ ಒಂದು ಸಾಲೂ ಅವರಿಗೆ ಸಿಗಲಿಲ್ಲ. ಜೀವನವಿಡೀ ತಾರೀಖಿಲ್ಲದೆ ನಡೆದುಹೋಯಿತು. ಈಗ, ಮುಪ್ಪಿನಲ್ಲಿ, ಅದು ಬೇಕಾಗಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ 60 ಆಗಿರಬೇಕು, ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಗೆ 65. ಮತದಾರರ ಚೀಟಿಯಲ್ಲಿ ಎಂದೋ ಯಾರೋ ಅಂದಾಜಿಗೆ ಬರೆದ ವಯಸ್ಸು ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಇನ್ನು ಉಳಿದದ್ದು ವೈದ್ಯರ ಅಂದಾಜು. ಹದಿಹರೆಯದವರ ಮೂಳೆಯ ಎಕ್ಸ್‌ರೇಯಲ್ಲೇ ಎರಡು ವರ್ಷ ಆಚೀಚೆ ಆಗಬಹುದೆಂದು ನ್ಯಾಯಾಲಯಗಳು ಒಪ್ಪಿವೆ. ಮೂಳೆಗಳು ಕೂಡಿಕೊಂಡು ದಶಕಗಳಾದ ಮುದುಕಿಗೆ ಅರವತ್ತಮೂರೋ ಅರವತ್ತೈದೋ ಎಂದು ಯಾವ ಎಕ್ಸ್‌ರೇಯೂ ಹೇಳಲಾರದು.

ಮಕ್ಕಳ ವಿಷಯದಲ್ಲಿ ಕಾನೂನು ಒಂದು ಉದಾರ ದಾರಿ ಕಂಡುಕೊಂಡಿತ್ತು. ವೈದ್ಯಕೀಯ ಅಂದಾಜಿನಲ್ಲಿ ಅನುಮಾನವಿದ್ದಾಗ ಒಂದು ವರ್ಷದ ಮಿತಿಯಲ್ಲಿ ಕಡಿಮೆ ವಯಸ್ಸನ್ನೇ ಹಿಡಿದು ಮಗುವಿಗೆ ಅನುಕೂಲ ಮಾಡಿಕೊಡಲು 2007ರ ಬಾಲ ನ್ಯಾಯ ನಿಯಮಗಳು ಅವಕಾಶ ಕೊಟ್ಟಿದ್ದವು. ಅದೇ ತತ್ವವನ್ನು ಬದುಕಿನ ಇನ್ನೊಂದು ತುದಿಗೂ ಅನ್ವಯಿಸಬಹುದು. ಅನುಮಾನವಿದ್ದಲ್ಲಿ ಹೆಚ್ಚಿನ ವಯಸ್ಸನ್ನು ಹಿಡಿಯಲಿ, ಮಿತಿ ಎರಡೋ ಮೂರೋ ವರ್ಷವಿರಲಿ. ಹಿರಿಯ ಮಗಳ ಶಾಲಾ ದಾಖಲೆಯಿಂದ ಹಿಂದಕ್ಕೆ ಎಣಿಸುವುದನ್ನು, ಊರಿನ ಘಟನೆಗಳ ಪಟ್ಟಿಯನ್ನು ಮುಂದಿಟ್ಟು ಕೇಳುವುದನ್ನು ಪುರಾವೆಯೆಂದು ಸ್ವೀಕರಿಸಲಿ. ಗಣತಿಗೆ ಒಪ್ಪಿಗೆಯಾದ ವಿಧಾನ ತಾಲ್ಲೂಕು ಕಚೇರಿಗೆ ಒಪ್ಪಿಗೆಯಾಗದಿರಲು ಕಾರಣವಿಲ್ಲ. ಇದರಿಂದ ಅರವತ್ತೆರಡರ ಕೆಲವರು ಅರವತ್ತೈದರವರಾಗಿ ಒಳಗೆ ಬರಬಹುದು. ಅವರ ಹುಟ್ಟನ್ನು ಬರೆದಿಟ್ಟುಕೊಳ್ಳದ ತಪ್ಪು ಅವರದಲ್ಲವಾದ್ದರಿಂದ ಆ ಖರ್ಚನ್ನು ಬೊಕ್ಕಸವೇ ಹೊರುವುದು ನ್ಯಾಯ.